ರಾಡ್ ನನ್ನ ಬ್ಯಾಗಿನ್ಯಾಗ ಅದ

ರೀ, ನಾ ಕೆಲಸಕ್ಕ ರಾಂಜಣಗಾಂವ ಬಸ್ಸಿಗೆ ಹೊಂಟೀನಿ. ಎದ್ದ ಕೂಡಲೆ ಬಚ್ಚಲದ ಮೇನ್ ಸ್ವಿಚ್ ಬಂದ್ ಅದ ಏನು ನೋಡ್ರಿ. ನೀರು ಕಾಸೋ ರಾಡ್ ನನ್ನ ಬ್ಯಾಗಿನ್ಯಾಗ ಅದ, ಹುಡುಕಬ್ಯಾಡ್ರಿ.

ಮುಂಜಾನೆ ರಾಡ್ ಮೊಬೈಲ್‌ನಾಗ ಬಂದ್ ಮಾಡಿದೆ, ಬಂದ್ ಅಂತನ ತೋರಿಸ್ತು. ಆದ್ರ ಬಕೀಟಿನ್ಯಾಗ ನೀರು ಇನ್ನೂ ಕುದಿಲಿಕ್ಕೆ ಹತ್ತಿದ್ವು. ಮೊಬೈಲ್‌ನಿಂದ ರಾಡ್ ಚಾಲೂ-ಬಂದ್ ಮಾಡ್ಲಿಕ್ಕೆ ನೀವು ಕೂಡಿಸಿದ ಸಣ್ಣ ಬೋರ್ಡಿನ ಮೂರು ವೋಲ್ಟಿಗೆ, ಕರೆಂಟ್ ಕಡಿಯೋ ಆ ಐದು ವೋಲ್ಟಿನ ರಿಲೇ ಪೂರ್ತಿ ಬಿಡೂದಿಲ್ಲ. ನಡುವ ಟ್ರಾನ್ಸಿಸ್ಟರ್ ಹಾಕ್ರಿ ಅಂದ್ರ "ನಡೀತದ ಬಿಡು" ಅಂದಿದ್ರಿ.

ಅತ್ತಿಯವರು ನೀರು ಕಾದಾವೇನಂತ ಬೆರಳು ಅದ್ದಿ ನೋಡ್ತಾರಲ್ಲ, ಹಂಗ ಕರೆಂಟ್ ಇದ್ದ ಬಕೀಟಿಗೆ ಬಗ್ಗಿದ್ರು. ಅವರ ರಟ್ಟಿ ಹಿಡಿದು ಎಳದೆ. ಆಮ್ಯಾಲ ಮೇನ್ ಬಂದ್ ಮಾಡಿ ರಾಡ್ ತಗದೆ.

ಇವತ್ತು ಅವರಿಗೆ ಗ್ಯಾಸಿನ ಮ್ಯಾಲ ನೀರು ಕಾಸಿಕೊಡ್ರಿ. "ಯಾಕ ಎಳದಿ? ನನ್ನ ಮಗ ಮಾಡಿದ್ದದು, ಏನಾಗ್ತದ?" ಅಂತ ನನಗ ಬೈದ್ರು.