ಮಂಗಳಕ್ಕನ ನಗು

ಜೂನ್ 9, ಸೋಮವಾರ
ಅಂಗಡಿಯಲ್ಲಿ ಗಿರಾಕಿ ಇಲ್ಲ. ಮಡಚಿದ ಸೀರೆಗಳನ್ನೇ ಮತ್ತೆ ಮಡಚಿಟ್ಟು, ಮೊಬೈಲಲ್ಲಿ ಕಥೆ ಆ್ಯಪ್‌ಗೆ ನನ್ನ ಕಥೆಯ ಹೊಸ ಚಾಪ್ಟರ್ ಹಾಕಿದೆ. ಸೀರಿಯಲ್‌ನವರು ಅತ್ತಿಗೆ ಪಾತ್ರವನ್ನು ಲಾರಿಗೆ ಸಿಕ್ಕಿಸಿ ಸಾಯಿಸಿ ಕೈತೊಳೆದುಕೊಂಡರು. ಅದೇ ಪಾತ್ರ ಇಟ್ಕೊಂಡು ನಾನು ಬರೆಯೋ ಫ್ಯಾನ್ ಫಿಕ್ಷನ್‌ನಲ್ಲಿ ಬದುಕಿದ್ದಾಳೆ. ಹೆಸರು, ಮನೆ, ಗಂಡ ಎಲ್ಲ ಸೀರಿಯಲ್‌ನದು. ನಗು ಮಾತ್ರ ನಮ್ಮ ಮಂಗಳಕ್ಕನದು. ಮುದ್ದೆಯಲ್ಲಿ ಒಂದು ಚೂರು ಬೆಕ್ಕಿಗೆ ಅಂತ ತಟ್ಟೆಯಂಚಿಗಿಟ್ಟು, ಮಾತಾಡ್ತಾ ಮಾತಾಡ್ತಾ ಅದನ್ನೂ ತಾನೇ ತಿಂದುಬಿಡೋಳು — ಅದೂ ಹಾಕಿದೀನಿ.

ಅಕ್ಕ ಕಾಮಾಲೆಯಲ್ಲಿ ಹೋಗಿ ಎರಡು ವರ್ಷ. ಅವ್ವ ಅವಳ ಹೆಸರೆತ್ತಿದರೆ ಎದ್ದು ಹೋಗ್ತೀನಿ, ತಡೆಯೋಕಾಗಲ್ಲ. ಇಲ್ಲಿ ಮಾತ್ರ 'ನೀಲಿ' ಅನ್ನೋ ಹೆಸರಿನ ಹಿಂದೆ ಕೂತು ಬರೀತೀನಿ. ಮನೆಯಲ್ಲಿ ಗೊತ್ತಿಲ್ಲ.

ಮೊದಲ ಕಾಮೆಂಟ್ ಎಂದಿನಂತೆ ಯಳಂದೂರಿನ ಮಾಲಿನಿಯದು. ಅಳು ಬಂತಂತೆ. ಓದುಗರಲ್ಲಿ ನನ್ನ ನಿಜ ಹೆಸರು, ನಂಬರ್ ಗೊತ್ತಿರೋದು ಅವಳಿಗೊಬ್ಬಳಿಗೇ.

ಜುಲೈ 2
ಮಾಲಿನಿಯೂ ಕಥೆ ಶುರು ಮಾಡಿದ್ದಾಳೆ. ಬೇರೆ ಸೀರಿಯಲ್, ಬೇರೆ ನಾಯಕಿ. ಖುಷಿಯಿಂದ ಓದೋಕೆ ಕೂತೆ. ಮುದ್ದೆ, ಬೆಕ್ಕು, ತಟ್ಟೆಯಂಚು... ಆಸ್ಪತ್ರೆಗೆ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಆಡಿದ ಮಾತೂ. ವಾಕ್ಯಕ್ಕೆ ವಾಕ್ಯ ನಾನು ಬರೆದಿದ್ದೇ.

ಫೋನ್ ಮಾಡಿದೆ. ಇನ್‌ಸ್ಪಿರೇಷನ್ ಅಂದಳು. ಕಾಪಿ ಅಂದೆ.

"ನೀವೇನು ಸೀರಿಯಲ್‌ನೋರ್ನ ಕೇಳ್ಕಂಡು ಕತೆ ಬರುದ್ರಾ ಕೋಮಲಕ್ಕ?"

ನಾನು ತಗೊಂಡಿದ್ದು ಬರೀ ಗೊಂಬೆ, ನೀನು ಜೀವಾನೇ ತಗೊಂಡೆ ಅನ್ನಬೇಕಿತ್ತು. ಫೋನ್ ಇಟ್ಟ ಮೇಲೆ ಹೊಳೀತು. ಅದು ನಮ್ಮಕ್ಕ ಅಂತಲೂ ಹೇಳಲಿಲ್ಲ. ಅವಳಿಗ್ಯಾಕೆ ಹೇಳಲಿ?

ಆಗಸ್ಟ್ 17
ಕೆಲಸದಿಂದ ಬಂದಾಗ ಅವ್ವ ನೂಲು ಸುತ್ತೋದು ಬಿಟ್ಟು ಕಣ್ಣೊರೆಸ್ಕೊತಿದ್ದಳು. ಪಕ್ಕದ ಮನೆ ಚಂದ್ರಮ್ಮ ಯೂಟ್ಯೂಬಲ್ಲಿ ಕಥೆ ಹಾಕಿಕೊಟ್ಟಿದ್ದಾಳೆ. ಮಾಲಿನಿ ಆ ಕಾಪಿ ಕಥೆಯನ್ನೇ ಓದಿ ಹಾಕಿದ್ದಾಳೆ, ತನ್ನ ದನಿಯಲ್ಲಿ. ಈ ಹುಡುಗಿ ನಮ್ಮ ಮಂಗಳನ್ನ ಕಂಡಿದ್ದಾಳೆ, ನೋಡಬೇಕು ಅಂತ ಅವ್ವನ ಹಟ.

ಅದು ನಾನು ಬರೆದಿದ್ದು ಅಂದೆ. ಮೊಬೈಲ್ ತೋರಿಸಿದೆ. ಅವ್ವನಿಗೆ ಓದೋಕೆ ಬರಲ್ಲ. ಚಂದ್ರಮ್ಮ ಓದಿದಳು: ನೀಲಿ.

ಅವ್ವನ ತವರು ಶಾಗ್ಯ. ಅಲ್ಲಿ ತಂಬೂರಿ ಹಿಡಿದು ಕಥೆ ಹಾಡೋರು ಕಥೆ ಎತ್ತೋ ಮೊದಲು ಯಾರಿಂದ ಕಲಿತೆವು ಅಂತ ಹೆಸರು ಹೇಳ್ತಾರೆ. ಅವ್ವ ಅದನ್ನೇ ಹಿಡಿದಳು.

"ಕತೆ ಎತ್ಕಳಕ್ ಮೊದ್ಲೇ ಆ ಉಡ್ಗಿ ತನ್ ಎಸ್ರು ಏಳವ್ಳೆ. ಕತೆ ಎತ್ತೋ ಜಾಗ್ದಲ್ಲಿ ಯಾರಾರ ಸುಳ್ಳಾಡಾರಾ? ಮಂಗ್ಳುನ್ ಎಸ್ರೆತ್ತುದ್ರೆ ಎದ್ದೋಗೋಳು ನೀನು. ಒಟ್ಟೆಕಿಚ್ಚು ಪಡ್ಬ್ಯಾಡ ಕಣವ್ವ."

ಆಗಸ್ಟ್ 20
ಚಂದ್ರಮ್ಮ ಚಾನೆಲ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿ ಮಾಲಿನಿಯನ್ನು ಮನೆಗೆ ಕರೆದೇಬಿಟ್ಟಳು. ಬರ್ತಾಳಂತೆ. ಬರಲಿ... ಅವಳ ಬಾಯಿಂದಲೇ ಕೇಳಲಿ ಅವ್ವ.

ಆಗಸ್ಟ್ 31, ಭಾನುವಾರ, ಮಧ್ಯಾಹ್ನ
ಬಂದಳು. ಮುಖ ನೋಡಿದ್ದು ಇದೇ ಮೊದಲು. ನನ್ನ ಹೆಸರು ಹೇಳಿದೆ, ಬಿಳಿಚಿಕೊಂಡಳು. ಗೋಡೆ ಮೇಲಿನ ಅಕ್ಕನ ಫೋಟೋ ನೋಡಿ ಇನ್ನಷ್ಟು. ಈಗ ನಿಜ ಹೇಳ್ತಾಳೆ ಅಂದ್ಕೊಂಡೆ. ಅವ್ವ ಪಕ್ಕದಲ್ಲಿ ಕೂರಿಸಿಕೊಂಡು, ಮುದ್ದೆ ಬಡಿಸಿ, ಬೆಕ್ಕಿನ ವಿಚಾರ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿದಳು.

"ಅಂಗೇ ಒಳೀತು ಕಣಮ್ಮ."

ನನ್ನ ಕಡೆ ನೋಡಲಿಲ್ಲ.

ಅವ್ವ ಬೀರು ತೆಗೆದು ಅಕ್ಕನ ಹಸಿರು ರೇಷ್ಮೆ ಸೀರೆ ಕೊಟ್ಟಳು. ನಾನು ಕೇಳಿದಾಗ ಮುಟ್ಟಬೇಡ ಅಂದಿದ್ದ ಸೀರೆ. ತಗೊಂಡಳು. ಬಾಯಿಮಾತಿಗೂ ಬೇಡ ಅನ್ನಲಿಲ್ಲ.

ಅಡುಗೆಮನೆಯಲ್ಲಿ ಕೂತು ಬರೀತಿದೀನಿ. ಅವ್ವ ಕೂಗ್ತಿದ್ದಾಳೆ. ಬಸ್‌ಸ್ಟ್ಯಾಂಡ್‌ತನಕ ಬಿಟ್ಟು ಬರಬೇಕಂತೆ. ಸೀರೆ ಕವರು ನಾನೇ ಹಿಡ್ಕೊಬೇಕಂತೆ, ಆ ಹುಡುಗಿ ಪಾಪ ಸುಸ್ತಾಗಿದ್ದಾಳಂತೆ.