ಕನ್ನಡಕದ ಡಬ್ಬಿಯ ಐದು ಪದ

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪುಟ್ಟಿ,

ಊಟ ಆಗಿದ್ದರೆ ಕೂತು ಓದು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ನಿನ್ನಮ್ಮ ಕಾಪಿ ಹೊಡೆದಳು ಕಣೇ! ಇಪ್ಪತ್ತೆಂಟು ವರ್ಷ ಮಕ್ಕಳ ಅಂಗೈ ತಿರುಗಿಸಿ ನೋಡಿ ಚೀಟಿ ಹಿಡಿದ ಟೀಚರಮ್ಮ.

ಮಿದುಳು ಜ್ವರ ವಾಸಿಯಾದ ಮೇಲೆ ಆಸ್ಪತ್ರೆಯವರು ನನ್ನನ್ನು ಸಂಶೋಧನೆಗೆ ಸೇರಿಸಿಕೊಂಡರಲ್ಲ, ಅಲ್ಲಿಯ ಕಥೆ. ಹೊಸ ಮಾತ್ರೆ ಮೂರು ತಿಂಗಳಿಗೆ ಸಾಕೋ, ಆರು ತಿಂಗಳು ಬೇಕೋ ಎಂದು ಅವರು ನೋಡುತ್ತಿದ್ದಾರೆ. ನನ್ನದು ಮೂರು ತಿಂಗಳ ಗುಂಪು. ತಿಂಗಳಿಗೊಮ್ಮೆ ಡಾಕ್ಟರಮ್ಮ ಐದು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಐದು ನಿಮಿಷ ಬಿಟ್ಟು ಆ ಪದಗಳನ್ನು ಕೇಳುತ್ತಾರೆ. ಮೊದಲ ಸಲ ತಡಬಡಾಯಿಸಿದೆ. ಪಕ್ಕದಲ್ಲೇ ಕೂತಿದ್ದ ನಿಮ್ಮಪ್ಪನಿಗೆ ಐದೂ ನೆನಪಿದ್ದವು. ಹೊರಗೆ ಬಂದು ಅವರನ್ನು ಕೇಳಿ ಕನ್ನಡಕದ ಡಬ್ಬಿಯೊಳಗೆ ಬರೆದುಕೊಂಡೆ. ಮುಂದಿನ ತಿಂಗಳೂ ಅವೇ ಪದ. ಐದಕ್ಕೆ ಐದು! ಅದರ ಮುಂದಿನ ತಿಂಗಳೂ ಅಷ್ಟೇ.

ಯಾಕೆ ಹಾಗೆ ಮಾಡಿದೆ ಅಂದರೆ, ಅಮ್ಮನ ತಲೆ ಸರಿಯಿಲ್ಲ ಅಂದ್ರೆ ಕೊನೇ ವರ್ಷ ಆದ್ರೂ ಸರಿ, ಕಾಲೇಜು ಬಿಟ್ಟು ಬರ್ತೀನಿ ಅಂತ ನೀನು ಹಟ ಹಿಡಿದಿದ್ದೆ. ನನಗೆ ಭಯವಾಯಿತು.

ನಿನ್ನೆ ಆಸ್ಪತ್ರೆಯ ಬೆಂಚಿನಲ್ಲಿ ಬಸ್ ಡ್ರೈವರೊಬ್ಬರು ಪಕ್ಕದಲ್ಲಿದ್ದರು. ನನ್ನದೇ ಕಾಯಿಲೆ, ನನ್ನದೇ ಗುಂಪು. ಹೋದ ತಿಂಗಳು ನನ್ನ ಅಂಕ ಹೇಳಿಕೊಂಡು ಅವರ ಮುಂದೆ ಜಂಬ ಕೊಚ್ಚಿದ್ದೆ. ನಿನ್ನೆ ಅವರು ಏನಂದರು ಗೊತ್ತಾ? ಅದೇ ಮಾತ್ರೇಲಿ ನಿಮಗೆ ಐದು ಬಂತಲ್ಲ ಟೀಚರ್, ನನ್ನದೇ ದಡ್ಡ ತಲೆ, ಎರಡೇ ಬರುತ್ತೆ, ರೂಟೂ ಮರೀತೀನಿ, ಇನ್ನು ಡಾಕ್ಟರಿಗೆ ಹೇಳಿ ಏನು ಪ್ರಯೋಜನ ಅಂತ.

ಅಷ್ಟರಲ್ಲಿ ನನ್ನ ಸರದಿ ಬಂತು. ಒಳಗೆ ಹೋದವಳೇ ಡಬ್ಬಿ ತೆರೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. ಪದ ಬದಲಾಯಿಸದೇ ಇದ್ದದ್ದು ನಮ್ಮ ತಪ್ಪೂ ಹೌದು, ಆದ್ರೆ ನಿಮ್ಮ ಐದನ್ನ ನಂಬಿ ನಾಳೆ ಎಷ್ಟು ಜನರ ಮಾತ್ರೆ ಬೇಗ ನಿಲ್ಲಿಸ್ತಿದ್ವೋ ಅಂದರು. ನನ್ನ ಹಳೆಯ ಅಂಕಗಳ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಡ್ರೈವರನ್ನೂ ಒಳಗೆ ಕರೆಸಿದೆ. ಸತ್ಯ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕುಬಿಟ್ಟರು, ಆಮೇಲೆ ರೂಟಿನ ವಿಷಯವನ್ನೆಲ್ಲ ಡಾಕ್ಟರಿಗೆ ಹೇಳಿದರು.

ಹೊಸ ಪದಗಳಿಂದ ನನ್ನನ್ನು ಮತ್ತೆ ಪರೀಕ್ಷೆ ಮಾಡಿದರು. ಗಡಿಯಾರ ಚೆನ್ನಾಗಿ ಬಂತು, ಮುಳ್ಳೂ ಸರಿಯಾಗಿತ್ತು. ಮಾತ್ರೆ ಮುಂದುವರಿಸುತ್ತಾರಂತೆ. ನೀನು ಓದಿಕೋ.

ಇಂತಿ,
ಯಾರೂ ಹಿಡಿಯದಿದ್ದರೂ ಒಪ್ಪಿಕೊಂಡ ಕಳ್ಳಿ,
ನಿನ್ನ ಅಮ್ಮ

ಮತ್ತೊಂದು ಮಾತು: ಗಡಿಯಾರದ ವಿಷಯ ಬರೆದು ಪದಗಳದ್ದು ಬಿಟ್ಟದ್ದು ಮರೆವಿನಿಂದಲ್ಲ, ಬೇಕೆಂದೇ. ಐದರಲ್ಲಿ ಒಂದೇ ಬಂತು. ಕುದುರೆ. ನಿನ್ನ ಕಾಲೇಜಿನ ಪರೀಕ್ಷೆ ಮುಗಿಸಿಕೊಂಡೇ ಬಾ. ಆದರೆ ಬಾ ಪುಟ್ಟಿ.