ಕಿಂಡಿಯ ಮೇಲೆ ಸವೆದ ಬಣ್ಣ

ಅಪ್ಪಾ,

ಕಬ್ಬಿಣದ ಮುಂಬಾಗಿಲಿಗೆ ಇವತ್ತು ಬಣ್ಣ ಹೊಡೆದೆ. ಹಸಿರೇ, ಬೇರೆಯದಾದರೆ ನೀವು ಸತ್ತಲ್ಲಿಂದಲೇ ಎದ್ದು ಬಂದು ಬೈದೀರಿ. ಒಳಬದಿಯಲ್ಲಿ, ಇಣುಕುವ ಕಿಂಡಿಯ ಮೇಲೆ, ಅಂಗೈಯಗಲ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. 'ಅಪ್ಪನ ಕೆಲಸ ಯಾವಾಗಲೂ ಅರೆಬರೆ' ಎಂದು ಗೊಣಗುತ್ತಾ ಉಜ್ಜಿ, ಎರಡು ಕೋಟ್ ಬಳಿದುಬಿಟ್ಟೆ.

ಅಮ್ಮ ನೋಡಿದವಳೇ ಬಾಯಿಯ ಮೇಲೆ ಕೈಯಿಟ್ಟಳು. "ಅಯ್ಯೋ, ಅದನ್ನೂ ಮುಚ್ಚಿಬಿಟ್ಯೇನೋ! ನೀನು ಹೋದ್ಮೇಲೆ ದಿನಾ ಸಂಜೆ ಅಲ್ಲಿ ಹಣೆ ಒತ್ಕೊಂಡು ನಿಂತಿರ್ತಿದ್ರು. ನಾನು ಕೇಳಿದ್ರೆ, ಚಿಲಕ ನೋಡ್ತಿದೀನಿ ಅನ್ನೋರು."

ನಾನು ಮನೆ ಬಿಟ್ಟ ದಿನ, 'ಅವನು ಬಂದ್ರೆ ಬಾಗಿಲು ತೆಗೀಬೇಡ' ಎಂದು ಅಮ್ಮನಿಗೆ ಹೇಳಿದವರು ನೀವೇ ತಾನೆ?

ಬಣ್ಣ ಹಸಿಯಿದೆ ಎಂಬುದನ್ನೂ ಮರೆತು ಹಣೆ ಒತ್ತಿ ನೋಡಿದೆ. ಬೀದಿಯ ತಿರುವಿನ ದೀಪದ ಕಂಬ ಬುಡದವರೆಗೂ ಕಾಣುತ್ತದೆ, ಅಪ್ಪಾ. ನಾನು ಎಷ್ಟೋ ಸಂಜೆ ಬಂದು, ನಿಂತು, ಹಾಗೇ ಹಿಂದಿರುಗುತ್ತಿದ್ದದ್ದು ಅದರ ಕೆಳಗಿಂದಲೇ.